ಗುಂಗುರುಗೂದಲೂ ಕನ್ನಡಿಯೂ: ಮೂರು ಕೃತಿಗಳ ವಿವೇಚನೆ

ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಕುರುಳು, ಮುಂಗುರುಳು, ಅಳಕ ಎಂಬ ಮಾತುಗಳು ಚಿರಪರಿಚಿತವಾದವು. ಸುರುಳಿಗೊಂಡ ಕೂದಲನ್ನು ತುಂಬಿಗಳ ಸಾಲಿಗೆ ಹೋಲಿಸುವುದು ನಮ್ಮ ಕವಿಗಳಲ್ಲಿ ರೂಢಿಯಾಗಿ ಬಂದ ವರ್ಣನಾಕ್ರಮ. ಇಂಥ ಸಂಸ್ಕಾರದಲ್ಲಿ ಬೆಳೆದ ಓದುಗನು ಆಫ್ರಿಕ ಮೂಲದ ಲೇಖಕರು ಇಂಗ್ಲಿಷಿನಲ್ಲಿ ಬರೆದ ಕೃತಿಗಳನ್ನು ಕೈಗೆತ್ತಿಕೊಂಡಾಗ ಒಂದು ವೈಪರೀತ್ಯವನ್ನು ಎದುರಿಸುತ್ತಾನೆ. ಅಲ್ಲಿ ಕೂದಲ ಸುರುಳಿಯು ಅನೇಕ ವೇಳೆ ಅಲಂಕಾರದ ವಸ್ತುವಾಗಿ ಬರುವುದಿಲ್ಲ. ಮರೆಮಾಡಬೇಕಾದ, ಸುಡಬೇಕಾದ, ಬಹುಕಾಲದ ಮೇಲೆ ಮರಳಿ ಗಳಿಸಿಕೊಳ್ಳಬೇಕಾದ ವಸ್ತುವಾಗಿ ಬರುತ್ತದೆ. ಇದನ್ನು ಕೇವಲ ಶೃಂಗಾರಸಾಧನದ ಮಾತೆಂದು ತಳ್ಳಿಹಾಕುವವರೂ ಉಂಟು. ತನ್ನ ರೂಪವನ್ನು ತಾನು ಪ್ರೀತಿಸಬೇಕೆಂಬ ನೀತಿಪಾಠವೆಂದು ಸರಳಗೊಳಿಸುವವರೂ ಉಂಟು. ಈ ಎರಡು ನೋಟಗಳೂ ಸಾಲವೆಂಬುದನ್ನು ಮಾಲ್ಕಂ ಎಕ್ಸ್ ಅವರ ಆತ್ಮಕಥೆ (೧೯೬೫), ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ (೧೯೭೦), ಚಿಮಮಾಂಡ ಎಂಗೋಜಿ ಅದೀಚೆ ಅವರ ‘ಅಮೆರಿಕಾನಾ’ (೨೦೧೩) ಎಂಬ ಮೂರು ಕೃತಿಗಳ ಆಧಾರದಿಂದ ತೋರಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಈ ವಸ್ತುವಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯಕ. ಸ್ಪೇನಿನ ಆಳ್ವಿಕೆಗೆ ಒಳಪಟ್ಟಿದ್ದ ಲೂಯಿಸಿಯಾನದಲ್ಲಿ ೧೭೮೬ರಲ್ಲಿ ಗವರ್ನರ್ ಎಸ್ತೆಬಾನ್ ಮಿರೊ ಹೊರಡಿಸಿದ ಆಜ್ಞೆಯು ಆಫ್ರಿಕ ಮೂಲದ ಸ್ವತಂತ್ರ ಸ್ತ್ರೀಯರು ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕೆಂದು ವಿಧಿಸಿತು. ಕೂದಲು ಅಂದಿನಿಂದಲೇ ರಾಜ್ಯಾಡಳಿತದ ವಿಷಯವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಗುಲಾಮಗಿರಿ ಅಳಿದ ಮೇಲೂ ನೇರವಾದ ಕೂದಲೇ ಸಭ್ಯತೆಯ ಗುರುತೆಂಬ ಭಾವನೆ ಉಳಿಯಿತು. ಕಾಯಿಸಿದ ಬಾಚಣಿಗೆಯಿಂದ ಕೂದಲನ್ನು ತಾತ್ಕಾಲಿಕವಾಗಿ ನೇರಮಾಡುವ ಪದ್ಧತಿ ಹರಡಿತು. ತೇವ ತಗಲಿದರೆ ಅದು ಮತ್ತೆ ಸುರುಳಿಗೊಳ್ಳುತ್ತಿತ್ತು. ಕಾಸ್ಟಿಕ್ ಸೋಡ ಬೆರೆತ ಲೇಪಗಳು ಕೂದಲ ಒಳರಚನೆಯ ಬಂಧಗಳನ್ನೇ ಮುರಿಯುವುದರಿಂದ ಅವುಗಳ ಪರಿಣಾಮ ಹೊಸ ಕೂದಲು ಬೆಳೆಯುವವರೆಗೆ ನಿಲ್ಲುತ್ತಿತ್ತು; ಚರ್ಮ ಸುಡುವ ಅಪಾಯವೂ ಜೊತೆಗಿತ್ತು. ಆದರೆ ಈ ಚರಿತ್ರೆಯೆಲ್ಲ ಬರಿಯ ಅವಮಾನದ ಚರಿತ್ರೆಯಲ್ಲ. ೧೮೬೭ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ಕೂದಲ ಆರೈಕೆಯ ಉದ್ಯಮವೊಂದನ್ನು ಕಟ್ಟಿ, ೧೯೧೯ರಲ್ಲಿ ತೀರಿಕೊಳ್ಳುವುದರೊಳಗೆ ಸಾವಿರಾರು ಕಪ್ಪು ಸ್ತ್ರೀಯರಿಗೆ ಜೀವನೋಪಾಯವನ್ನು ಒದಗಿಸಿದ್ದರು. ಒಂದೇ ವಸ್ತುವಿನಲ್ಲಿ ಅಂಜಿಕೆಯೂ ಸ್ವಾವಲಂಬನೆಯೂ ಹೆಣೆದುಕೊಂಡಿರುವುದನ್ನು ಮರೆತರೆ ಮುಂದಿನ ಕೃತಿಗಳು ನಮಗೆ ಅರ್ಧವೇ ಅರ್ಥವಾದಾವು.

ಅಲೆಕ್ಸ್ ಹೇಲಿಯವರ ಸಹಕಾರದಿಂದ ರಚಿತವಾದ ಮಾಲ್ಕಂ ಎಕ್ಸ್ ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಬಾಸ್ಟನ್ನಿಗೆ ಬಂದ ತರುಣನು ಕಾಸ್ಟಿಕ್ ಸೋಡ, ಮೊಟ್ಟೆ, ಆಲೂಗೆಡ್ಡೆಗಳನ್ನು ಅಂಗಡಿಯಿಂದ ಕೊಂಡುತರುತ್ತಾನೆ. ಅವನ ಗೆಳೆಯ ಶಾರ್ಟಿ ಅವನ್ನು ಕಲಸಿ ಲೇಪವನ್ನು ಸಿದ್ಧಮಾಡಿ ತಲೆಗೆ ಹಚ್ಚುತ್ತಾನೆ. ತಲೆ ಬೆಂಕಿ ಹತ್ತಿದಂತೆ ಉರಿಯುತ್ತದೆ. ಉರಿಯೆಲ್ಲ ಅಡಗಿದ ಮೇಲೆ ಕನ್ನಡಿಯಲ್ಲಿ ಕಂಡ ನೇರಗೂದಲು ಅವನಿಗೆ ಆ ನೋವನ್ನೆಲ್ಲ ಮರೆಸುತ್ತದೆ. ಈ ಪ್ರಸಂಗದ ಬೆಲೆ ಇರುವುದು ಘಟನೆಯಲ್ಲಿ ಮಾತ್ರವಲ್ಲ, ಅದನ್ನು ಹೇಳುವ ದನಿಯಲ್ಲಿ. ಅನುಭವಿಸಿದವನು ಹುಡುಗ, ಹೇಳುವವನು ಪ್ರಬುದ್ಧನಾದ ನಾಯಕ. ಹುಡುಗನ ಸಂತೋಷವನ್ನು ಲೇಖಕನು ಮುಚ್ಚಿಡುವುದಿಲ್ಲ. ಅದೇ ಉಸಿರಿನಲ್ಲಿ ಅದನ್ನು ಆತ್ಮಾವಮಾನದ ಮೊದಲ ದೊಡ್ಡ ಹೆಜ್ಜೆಯೆಂದು ತೀರ್ಮಾನಿಸುತ್ತಾನೆ. ಎರಡು ದೃಷ್ಟಿಗಳು ಒಂದೇ ಕನ್ನಡಿಯಲ್ಲಿ ಸಂಧಿಸುವುದರಿಂದ ಬರವಣಿಗೆಗೆ ತೀಕ್ಷ್ಣತೆ ಬಂದಿದೆ. ಆದರೆ ಇಲ್ಲೊಂದು ಕೊರತೆಯೂ ಉಂಟು. ತೀರ್ಮಾನವು ವಕೀಲನ ವಾದದಂತೆ ಪೂರ್ಣವಾಗಿರುವುದರಿಂದ, ಆ ಹುಡುಗನಿಗೆ ಸುಂದರನಾಗಿ ಕಾಣಬೇಕೆಂಬ ಆಸೆಯಲ್ಲಿ ಯಾವ ನ್ಯಾಯವೂ ಇರಲಿಲ್ಲವೇ ಎಂಬ ಪ್ರಶ್ನೆಗೆ ಎಡೆಯೇ ದೊರೆಯದು. ಆತ್ಮಕಥೆಗಿಂತ ಕಾದಂಬರಿ ಹೆಚ್ಚು ದೂರ ಹೋಗಬಲ್ಲದ್ದು ಈ ಎಡೆಯಲ್ಲಿಯೇ.

ಮಾರಿಸನ್ ಅವರ ಮೊದಲ ಕಾದಂಬರಿ ಒಹಾಯೋ ರಾಜ್ಯದ ಲೊರೈನ್ ಪಟ್ಟಣದಲ್ಲಿ ೧೯೪೦-೪೧ರ ಸುಮಾರಿಗೆ ನಡೆಯುತ್ತದೆ. ಪಿಕೋಲ ಎಂಬ ಬಾಲಕಿ ಬೇಡುವುದು ಕೂದಲನ್ನಲ್ಲ, ನೀಲಿ ಕಣ್ಣುಗಳನ್ನು. ಆದರೂ ಕೂದಲ ವಿಚಾರ ಕೃತಿಯ ಉದ್ದಕ್ಕೂ ಹರಿದಿದೆ. ಅವಳ ಮನೆತನದ ಹೆಸರು ಬ್ರೀಡ್‌ಲವ್; ಮೇಲೆ ಹೇಳಿದ ಉದ್ಯಮಿಯ ತವರಿನ ಹೆಸರೂ ಅದೇ. ಶಾಲೆಯವರೆಲ್ಲರ ಮೆಚ್ಚಿಗೆಗೆ ಪಾತ್ರಳಾದ ಮಾರೀನ್ ಪೀಲ್ ಎಂಬ ತಿಳಿಬಣ್ಣದ ಹುಡುಗಿಯ ಎರಡು ಉದ್ದ ಜಡೆಗಳನ್ನು ವರ್ಣಿಸುವಾಗ ಲೇಖಕಿ ಅವನ್ನು ಕಪ್ಪುಜನರನ್ನು ನೇಣಿಗೇರಿಸುತ್ತಿದ್ದ ಹಗ್ಗಗಳಿಗೆ ಹೋಲಿಸಿದ್ದಾರೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಉಪಮಾನವು ಉಪಮೇಯವನ್ನು ಶೋಭಿಸುವುದಿಲ್ಲ, ಅದರ ಮೇಲೆ ಆರೋಪ ಹೊರಿಸುತ್ತದೆ. ಆ ಹುಡುಗಿ ನಿರಪರಾಧಿ; ಅವಳ ಜಡೆಯನ್ನು ಮೆಚ್ಚುವ ಊರಿನ ಕಣ್ಣೇ ಅಪರಾಧಿ.

ಪಿಕೋಲಳ ತಾಯಿ ಪಾಲೀನಳ ಪ್ರಸಂಗ ಇನ್ನೂ ಮುಖ್ಯವಾದದ್ದು. ಗರ್ಭಿಣಿಯಾದ ಅವಳು ಚಿತ್ರತಾರೆ ಜೀನ್ ಹಾರ್ಲೋಳಂತೆ ಕೂದಲನ್ನು ತೀಡಿಕೊಂಡು ಚಿತ್ರಮಂದಿರದಲ್ಲಿ ಕುಳಿತಿರುತ್ತಾಳೆ. ಮಿಠಾಯಿಯನ್ನು ಕಚ್ಚಿದಾಗ ಮುಂಭಾಗದ ಹಲ್ಲೊಂದು ಕಿತ್ತು ಬರುತ್ತದೆ. ಅಂದಿನಿಂದ ಅವಳು ಕೂದಲನ್ನು ಮೊದಲಿನಂತೆ ಬಿಟ್ಟು, ಹೆಣೆದು ಕಟ್ಟಿಕೊಂಡು, ತಾನು ಕುರೂಪಿಯೆಂಬುದಕ್ಕೆ ಒಪ್ಪಿಸಿಕೊಂಡುಬಿಡುತ್ತಾಳೆ. ಸಹಜವಾದ ಕೂದಲಿಗೆ ಅವಳು ಮರಳಿದ್ದೇನೋ ನಿಜ. ಆದರೆ ಅದು ಸೋಲಿನ ಮರಳುವಿಕೆ. ಕೂದಲನ್ನು ಇದ್ದಂತೆ ಬಿಟ್ಟ ಮಾತ್ರಕ್ಕೆ ಆತ್ಮವಿಶ್ವಾಸ ಹುಟ್ಟುವುದಿಲ್ಲ ಎಂಬ ಸತ್ಯವನ್ನು ಮಾರಿಸನ್ ಇಷ್ಟು ಮಿತವಾದ ವಿವರದಲ್ಲಿ ಸ್ಥಾಪಿಸಿದ್ದಾರೆ. ಆ ತಾಯಿಯ ಕಣ್ಣೇ ಮಗಳ ಮೊದಲ ಕನ್ನಡಿಯಾದುದರಿಂದ ಮುಂದಿನ ದುರಂತ ಆಕಸ್ಮಿಕವಾಗಿ ತೋರುವುದಿಲ್ಲ. ಮನೆಯೂ ಶಾಲೆಯೂ ಚಿತ್ರಮಂದಿರವೂ ಏಕಕಂಠದಿಂದ ಇಲ್ಲವೆಂದಾಗ ಒಂದು ಮಗು ಒಂಟಿಯಾಗಿ ನಿಂತು ಹೌದೆನ್ನಲಾರದು.

ನಲವತ್ತಮೂರು ವರ್ಷಗಳ ಅನಂತರ ಪ್ರಕಟವಾದ ಅದೀಚೆಯವರ ಕಾದಂಬರಿಯ ಧಾಟಿ ಬೇರೆ. ನೈಜೀರಿಯದಿಂದ ಅಮೆರಿಕಕ್ಕೆ ಹೋದ ಇಫೆಮೆಲು, ಪ್ರಿನ್ಸ್‌ಟನ್ನಿನಲ್ಲಿ ತನ್ನಂಥ ಕೂದಲನ್ನು ಹೆಣೆಯುವವರು ಇಲ್ಲದ ಕಾರಣ ಟ್ರೆಂಟನ್ನಿಗೆ ರೈಲಿನಲ್ಲಿ ಹೋಗುವುದರಿಂದ ಕಥೆ ಆರಂಭವಾಗುತ್ತದೆ. ಒಂದು ಊರಿನಲ್ಲಿ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬ ಸಣ್ಣ ಸಂಗತಿಯಿಂದಲೇ ಸಮಾಜದ ಚಿತ್ರ ಮೂಡುತ್ತದೆ. ಮುಂದೆ ಬಾಲ್ಟಿಮೋರಿನ ಉದ್ಯೋಗವೊಂದರ ಸಂದರ್ಶನಕ್ಕಾಗಿ ಹಿತೈಷಿಗಳ ಸಲಹೆಯಂತೆ ಅವಳು ಜಡೆ ಬಿಚ್ಚಿ ಕೂದಲನ್ನು ನೇರಮಾಡಿಸುತ್ತಾಳೆ. ನೆತ್ತಿ ಸುಡುತ್ತದೆ, ಕೆಲಸ ಸಿಗುತ್ತದೆ, ಕೆಲಕಾಲದಲ್ಲಿ ಕೂದಲು ಉದುರತೊಡಗುತ್ತದೆ. ಗೆಳತಿ ವಾಂಬೂಯಿಯ ಮಾತಿನಂತೆ ಕತ್ತರಿಸಿಕೊಂಡ ಮೇಲೆ ಕನ್ನಡಿ ಕಂಡು ಬೆಚ್ಚಿ, ಅನಾರೋಗ್ಯದ ನೆಪದಿಂದ ಕೆಲಸಕ್ಕೆ ಹೋಗದೆ ಉಳಿಯುತ್ತಾಳೆ. ಹೋದ ಮೇಲೆ, ಇದಕ್ಕೇನಾದರೂ ರಾಜಕೀಯದ ಅರ್ಥವುಂಟೇ ಎಂದು ಸಹೋದ್ಯೋಗಿಯೊಬ್ಬಳು ವಿಚಾರಿಸುತ್ತಾಳೆ. ತನ್ನ ತಲೆಯ ಮೇಲೆ ತನ್ನ ಕೂದಲೇ ಇದ್ದರೂ ಅದಕ್ಕೆ ವ್ಯಾಖ್ಯಾನ ಒದಗಿಸಬೇಕಾದ ಪರಿಸ್ಥಿತಿಯನ್ನು ಈ ಒಂದು ಪ್ರಶ್ನೆ ನಗೆಯೊಡನೆ ಬಯಲುಮಾಡುತ್ತದೆ.

ಇಫೆಮೆಲುವಿನ ಮನಸ್ಸು ತಿರುಗುವುದು ಉಪದೇಶದಿಂದಲ್ಲ. ತನ್ನಂಥ ಕೂದಲುಳ್ಳ ಸ್ತ್ರೀಯರು ಅಂತರ್ಜಾಲದಲ್ಲಿ ನಡೆಸುತ್ತಿದ್ದ ಕೂಟವೊಂದು ಅವಳಿಗೆ ದೊರೆಯುತ್ತದೆ. ಅಲ್ಲಿ ಯಾವ ಎಣ್ಣೆ ಹಿತ, ತೊಳೆಯುವುದು ಹೇಗೆ, ಬಾಚುವುದು ಹೇಗೆ ಎಂಬ ನಿತ್ಯದ ಮಾತುಗಳೇ ಹೆಚ್ಚು. ಆ ಮಾತುಗಳ ನಡುವೆ ಒಂದು ಸಾಧಾರಣ ದಿನ, ಯಾವ ಸಂಭ್ರಮವೂ ಇಲ್ಲದೆ, ತನ್ನ ಕೂದಲು ತನಗೆ ಪ್ರಿಯವಾಗಿದೆಯೆಂದು ಅವಳು ಅರಿಯುತ್ತಾಳೆ. ಪಿಕೋಲಳಿಗೆ ಇಲ್ಲದಿದ್ದದ್ದು ಇವಳಿಗೆ ಇದೆ. ಅದೆಂದರೆ ಹೌದೆನ್ನುವ ಬಳಗ. ಇದೇ ಕಾದಂಬರಿಯ ಪೂರ್ವಭಾಗದಲ್ಲಿ ಇಫೆಮೆಲುವಿನ ತಾಯಿ ಮತಾವೇಶದಿಂದ ತನ್ನ ದಟ್ಟವಾದ ಕೂದಲನ್ನು ಕತ್ತರಿಸಿ ಸುಡುವ ದೃಶ್ಯವಿದೆ. ತಾಯಿಯೂ ಕತ್ತರಿಸಿದಳು, ಮಗಳೂ ಕತ್ತರಿಸಿದಳು. ಕ್ರಿಯೆ ಒಂದೇ, ಅರ್ಥ ಬೇರೆ. ಮೊದಲನೆಯದು ತನ್ನನ್ನು ತಾನು ನಿರಾಕರಿಸಿದ್ದು, ಎರಡನೆಯದು ತನ್ನನ್ನು ತಾನು ಕಂಡುಕೊಳ್ಳುವುದಕ್ಕೆ ಪೀಠಿಕೆ. ಈ ಸಾದೃಶ್ಯದಲ್ಲಿಯೇ ಕೃತಿಯ ಧ್ವನಿ ಅಡಗಿದೆ.

ಆದರೂ ಒಂದು ಆಕ್ಷೇಪವನ್ನು ಎತ್ತಲೇಬೇಕು. ಇಫೆಮೆಲುವಿಗೆ ಧೈರ್ಯ ಬಂದದ್ದು ಕೆಲಸ ಕೈಗೆ ಬಂದ ಮೇಲೆ. ಆ ಕೆಲಸ ಬಂದದ್ದು ನೇರಮಾಡಿದ ಕೂದಲಿನಿಂದ. ಅವಳ ಅತ್ತೆ ಉಜು ವೈದ್ಯವೃತ್ತಿಯ ಸಂದರ್ಶನಕ್ಕಾಗಿ ಜಡೆ ಬಿಚ್ಚುತ್ತಾಳೆ. ಮಗನನ್ನು ಒಬ್ಬಳೇ ಸಾಕುತ್ತಿರುವ ಅವಳು, ಈ ದೇಶದಲ್ಲಿ ಏಳಿಗೆಯಾಗಬೇಕಾದರೆ ಇಲ್ಲಿಯವರು ಕೇಳಿದಂತೆ ಮಾಡಬೇಕೆನ್ನುತ್ತಾಳೆ. ಇವಳನ್ನು ಹೇಡಿಯೆನ್ನಲು ನಮಗೆ ಅಧಿಕಾರವಿಲ್ಲ. ಅಮೆರಿಕದಲ್ಲಿ ೧೯೮೧ರಷ್ಟು ಈಚೆಗೆ, ಸಣ್ಣ ಜಡೆಗಳನ್ನು ಹೆಣೆದುಕೊಳ್ಳುವ ಹಕ್ಕಿಗಾಗಿ ವಿಮಾನಸಂಸ್ಥೆಯೊಂದರ ಮೇಲೆ ಉದ್ಯೋಗಿಯೊಬ್ಬಳು ಹೂಡಿದ ವಾದವನ್ನು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಮನ್ನಿಸಲಿಲ್ಲ. ಕೂದಲ ಸಹಜರಚನೆ ಹಾಗೂ ಅದಕ್ಕೆ ಒಪ್ಪುವ ವಿನ್ಯಾಸಗಳ ಕಾರಣದಿಂದ ಶಾಲೆಯಲ್ಲಿ, ಉದ್ಯೋಗದಲ್ಲಿ ಭೇದವೆಣಿಸುವುದನ್ನು ಕ್ಯಾಲಿಫೋರ್ನಿಯ ರಾಜ್ಯ ಶಾಸನಮೂಲಕ ನಿಷೇಧಿಸಿದ್ದು ೨೦೧೯ರಲ್ಲಿ. ಬೇರೆ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು. ಆತ್ಮವಿಶ್ವಾಸಕ್ಕೆ ಮನಸ್ಸೊಂದೇ ಸಾಲದು, ಅನ್ನದ ಭದ್ರತೆಯೂ ಬೇಕು. ಅದೀಚೆ ಉಜುವಿನ ಪಾತ್ರವನ್ನು ಅಷ್ಟು ಸಹಾನುಭೂತಿಯಿಂದ ಚಿತ್ರಿಸಿರುವುದರಿಂದ, ಈ ಆಕ್ಷೇಪಕ್ಕೆ ಬೇಕಾದ ಸಾಮಗ್ರಿಯನ್ನು ಕೃತಿಯೇ ಒದಗಿಸಿದೆಯೆನ್ನುವುದು ಅದರ ಹಿರಿಮೆ.

‘ಸಹಜ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ವಿಮರ್ಶಕ ಕೊಬೀನ ಮರ್ಸರ್ ೧೯೮೭ರ ತಮ್ಮ ಪ್ರಬಂಧದಲ್ಲಿ, ಕೂದಲು ಯಾವಾಗಲೂ ಮನುಷ್ಯನ ಕೈಯಿಂದ ಸಂಸ್ಕಾರಗೊಂಡದ್ದೇ ಎಂದೂ, ನೇರಮಾಡಿಕೊಳ್ಳುವವರೆಲ್ಲರನ್ನೂ ಆತ್ಮದ್ವೇಷಿಗಳೆಂದು ಎಣಿಸಲಾಗದೆಂದೂ ವಾದಿಸಿದರು. ಅರುವತ್ತರ ದಶಕದ ಕೊನೆಯಲ್ಲಿ ದುಂಡುಗೂದಲಿನಿಂದ ಪ್ರಸಿದ್ಧರಾದ ಏಂಜೆಲ ಡೇವಿಸ್, ತಮ್ಮ ಹೋರಾಟ ಮರೆತುಹೋಗಿ ಬರಿಯ ಕೇಶವಿನ್ಯಾಸವಾಗಿ ತಾವು ನೆನಪಿನಲ್ಲಿ ಉಳಿದುದಕ್ಕೆ ೧೯೯೪ರಲ್ಲಿ ವ್ಯಥೆಪಟ್ಟು ಬರೆದರು. ವಿಮೋಚನೆಯ ಗುರುತು ಕೂಡ ಪೇಟೆಯ ಸರಕಾಗಬಲ್ಲದು, ಹೊಸದೊಂದು ಕಡ್ಡಾಯವಾಗಬಲ್ಲದು. ಇಫೆಮೆಲು ಕಥೆಯ ಆರಂಭದಲ್ಲಿ ಹೆಣೆಸಿಕೊಳ್ಳುವುದು ಕೃತಕ ಎಳೆಗಳನ್ನು ಸೇರಿಸಿದ ಜಡೆಯನ್ನೇ. ಅವಳು ಗಳಿಸಿದ್ದು ಒಂದು ವಿನ್ಯಾಸವನ್ನಲ್ಲ. ಲಜ್ಜೆಯಿಲ್ಲದೆ ಆಯ್ಕೆಮಾಡುವ ಸ್ವಾತಂತ್ರ್ಯವನ್ನು.

ಈ ಚರ್ಚೆ ನಮಗೆ ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ನೆಲಸಿರುವ ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ೨೦೦೩ರಲ್ಲಿ ಈ ಜನ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ನಮ್ಮ ಪಠ್ಯಗಳನ್ನೇ ಓದುತ್ತಾರೆ. ನಮ್ಮ ಕವಿಗಳು ಹೊಗಳಿದ್ದು ನೀಳವಾಗಿ ಇಳಿಬೀಳುವ ಕೂದಲ ತುದಿಯ ಕುರುಳನ್ನು. ಬುಡದಿಂದಲೇ ಬಿಗಿಯಾಗಿ ಸುತ್ತಿಕೊಂಡ ಕೂದಲಿಗೆ ನಮ್ಮ ವರ್ಣನೆಗಳಲ್ಲಿ ಸ್ಥಾನ ದೊರೆತದ್ದು ಕಾಣದು. ಜಡೆ ನೀಳವಾಗಿರುವುದೇ ಲಕ್ಷಣವೆಂದು ತರಗತಿಯಲ್ಲಿ ಪದ್ಯಕ್ಕೆ ಅರ್ಥ ಹೇಳುವಾಗ, ಹಿಂದಿನ ಸಾಲಿನಲ್ಲಿ ಕುಳಿತ ಮಗು ಆ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆಯೆಂಬುದನ್ನು ಅಧ್ಯಾಪಕರು ಯೋಚಿಸಬೇಡವೇ? ಪದ್ಯವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಅದು ಸೌಂದರ್ಯದ ಒಂದು ಸಂಪ್ರದಾಯವೇ ಹೊರತು ಸೌಂದರ್ಯದ ಎಲ್ಲೆಯಲ್ಲ ಎಂದು ಒಂದು ಮಾತು ಸೇರಿಸಿದರೆ ಸಾಕು. ಮಾಲ್ಕಂ ಎಕ್ಸ್ ಅವರ ಪಶ್ಚಾತ್ತಾಪ, ಪಿಕೋಲಳ ಮೌನ, ಇಫೆಮೆಲುವಿನ ಸಮಾಧಾನ ಈ ಮೂರೂ ಸೇರಿ ನಮಗೆ ತಿಳಿಸುವುದು ಇಷ್ಟು: ಒಬ್ಬನು ಕನ್ನಡಿಯಲ್ಲಿ ತನ್ನನ್ನು ಕಾಣುವ ಬಗೆ ಅವನ ಸುತ್ತಲಿನ ಕಣ್ಣುಗಳಿಂದ ರೂಪುಗೊಳ್ಳುತ್ತದೆ. ಅಧ್ಯಾಪಕನ ಕಣ್ಣೂ ಅವುಗಳಲ್ಲಿ ಒಂದು.