ಫೂರಿಯೆಯ ಕನಸು, ಕಣಗಿನಹಾಳದ ಹೊಣೆ

ಮಾರ್ಕ್ಸ್‌ಗಿಂತ ಮೊದಲೇ ಫ್ರಾನ್ಸಿನಲ್ಲಿ ಸಮಾಜವಾದವನ್ನು ಸಾರಿದವರಲ್ಲಿ ಸೇಂಟ್ ಸೈಮನ್ (1760–1825) ಮತ್ತು ಚಾರ್ಲ್ಸ್ ಫೂರಿಯೆ (1772–1837) ಪ್ರಮುಖರು. ಸೈಮನ್ ವ್ಯಾಪಾರಿಯನ್ನೂ ಬ್ಯಾಂಕಿಗನನ್ನೂ ದುಡಿಯುವವರ ಸಾಲಿಗೆ ಸೇರಿಸಿ ಗೌರವಿಸಿದನು. ಫೂರಿಯೆಯಾದರೋ ವ್ಯಾಪಾರವನ್ನೇ ಸಮಾಜದ ವ್ಯಾಧಿಯೆಂದನು. ಈತ ವ್ಯಾಪಾರಿಯ ಮಗ, ಸ್ವತಃ ಅಂಗಡಿಗಳಲ್ಲಿ ದುಡಿದವನು. ಆದ್ದರಿಂದ ಅವನ ಆಕ್ಷೇಪವನ್ನು ಹೊರಗಿನವನ ಮಾತೆಂದು ತಳ್ಳಿಹಾಕಲಾಗದು. ಬೆಲೆಯೇರಲೆಂದು ಕೂಡಿಟ್ಟು ಕೊಳೆತ ಅಕ್ಕಿಯನ್ನು ಮಾರ್ಸೇಲ್ಸ್ ಬಂದರಿನಲ್ಲಿ ಸಮುದ್ರಕ್ಕೆ ಸುರಿಸುವ ಕೆಲಸ 1799ರಲ್ಲಿ ಅವನ ಪಾಲಿಗೆ ಬಂದಿತೆಂದು ಅವನ ಶಿಷ್ಯರು ಬರೆದಿದ್ದಾರೆ.

ಈ ದೋಷವನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅತಿಸಂಗ್ರಹವನ್ನು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಹೆಚ್ಚಿನ ಲಾಭದ ಆಸೆಯಿಂದ ಧಾನ್ಯವನ್ನು ಕೂಡಿಡುವುದೇ ಅದೆಂದು ಟೀಕಾಕಾರ ಪ್ರಭಾಚಂದ್ರರು ವಿವರಿಸಿದ್ದಾರೆ. ರೋಗನಿದಾನದಲ್ಲಿ ಫೂರಿಯೆ ನಮಗೆ ಹತ್ತಿರದವನೇ.

ಚಿಕಿತ್ಸೆಯಲ್ಲಿ ಮಾತ್ರ ದೂರ ಸರಿಯುತ್ತಾನೆ. ಸುಮಾರು 1,600 ಜನರು ಒಂದೇ ಸೌಧದಲ್ಲಿ ನೆಲೆಸಿ ದುಡಿಯಬೇಕು. ಉತ್ಪನ್ನದ 12 ಪಾಲುಗಳಲ್ಲಿ ಶ್ರಮಕ್ಕೆ 5, ಬಂಡವಾಳಕ್ಕೆ 4, ಪ್ರತಿಭೆಗೆ 3 ಎಂಬುದು ಅವನ ಯೋಜನೆ. ಮನುಷ್ಯನ ಆಸೆಗಳಿಗೆ ಮಿತಿ ಬೇಕಿಲ್ಲ, ಅವುಗಳನ್ನು ಜೋಡಿಸಿದರೆ ಸಾಕೆಂದು ನಂಬಿದನು. ಹಣಕ್ಕಾಗಿ ದಾನಿಯೊಬ್ಬನ ದಾರಿಯನ್ನು ವರ್ಷಗಟ್ಟಲೆ ಕಾದನು. ಅವನ ಅನುಯಾಯಿಗಳು 1832ರಲ್ಲಿ ಪ್ಯಾರಿಸಿನ ಸಮೀಪ ಆರಂಭಿಸಿದ ವಸಾಹತು ಬಹುಬೇಗ ನಿಂತುಹೋಯಿತು. ಸದಸ್ಯನ ಹೊಣೆಗಿಂತ ದಾತನ ಔದಾರ್ಯವನ್ನು ನೆಚ್ಚಿದ್ದೇ ಈ ಚಿಂತನೆಯ ಮುಖ್ಯ ಕೊರತೆಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಪ್ರತಿಯಾದ ನಿದರ್ಶನ ಕುಳಗೇರಿ ಕ್ರಾಸಿನವರಾದ ನಮಗೆ ನೆರೆಯ ಗದಗ ಜಿಲ್ಲೆಯಲ್ಲಿಯೇ ಇದೆ. 1904ರ ಸಹಕಾರಿ ಕಾಯದೆಯ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದೆಂದು ಹೆಸರಾಗಿದೆ. ಈ ಕಾಯದೆಗೆ ಮಾದರಿ ಫ್ರಾನ್ಸಿನ ಸೌಧವಲ್ಲ, ಜರ್ಮನಿಯ ರೈಫೈಸನ್ನನ ಹಳ್ಳಿ ಸಂಘ. ಗ್ರಾಮೀಣ ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಸರ್ವಸ್ವದಿಂದ ಹೊಣೆಗಾರನೆಂಬುದು ಅದರ ಮೂಲ ನಿಯಮವಾಗಿತ್ತು. ನೆರೆಯವನು ದುಂದು ಮಾಡಿದರೆ ನಷ್ಟ ತನಗೂ ತಟ್ಟುತ್ತಿದ್ದುದರಿಂದ ಸಾಲದ ಉದ್ದೇಶವನ್ನು ಎಲ್ಲರೂ ವಿಚಾರಿಸುತ್ತಿದ್ದರು. ಸಂಯಮವು ಇಲ್ಲಿ ಉಪದೇಶವಾಗಿ ಉಳಿಯದೆ ವ್ಯವಹಾರವೇ ಆಗುತ್ತಿತ್ತು.

ನಮ್ಮ ಬಸದಿಗಳ ವಿಶ್ವಸ್ತರು ಇದನ್ನು ಪರ್ಯಾಲೋಚಿಸಬೇಕು. ದಾನ ಶ್ರೇಷ್ಠವೇ ಸರಿ. ಆದರೆ ಬಡ ಶ್ರಾವಕನು ಪ್ರತಿವರ್ಷ ನಮ್ಮ ಬಾಗಿಲಿಗೆ ಬರುವಂತಾದರೆ ಫೂರಿಯೆಯ ನಿರೀಕ್ಷೆಯನ್ನೇ ನಾವು ಅವನಿಗೆ ಕಲಿಸಿದಂತಾಗುವುದು. ಅವನನ್ನು ಹೊಣೆಯಲ್ಲಿ ಪಾಲುದಾರನನ್ನಾಗಿಸುವ ದಾನವೇ ಅವನ ಮರ್ಯಾದೆಯನ್ನು ಕಾಯುವ ದಾನ.