ಹಸಿರು ಚುಕ್ಕೆಯ ಅಜ್ಜ

ಲ್ಯಾಪ್‌ಟಾಪ್ ಮುಟ್ಟದೆ ಸ್ವಲ್ಪ ಹೊತ್ತು ಕೂತರೆ ಆಫೀಸ್ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಗೆ ತಿರುಗುತ್ತೆ. ಅದಕ್ಕೆ ಹೆದರಿ ಊಟ ಮಾಡ್ತಾ ಎಡಗೈಲಿ ಮೌಸ್ ಅಲ್ಲಾಡಿಸೋರನ್ನ ನೋಡಿದ್ದೀನಿ. ನಾನೂ ಅಲ್ಲಾಡಿಸಿದ್ದೀನಿ, ಸುಳ್ಳು ಯಾಕೆ ಹೇಳಲಿ. ಈ ಚುಕ್ಕೆಗೊಬ್ಬ ಅಜ್ಜ ಇದ್ದಾನೆ. ಹೆಸರು ಫಿಂಗರ್.

1970ರ ದಶಕದ ಶುರುವಿನಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಲ್ಯಾಬ್‌ನಲ್ಲಿ ಲೆಸ್ ಅರ್ನೆಸ್ಟ್ ಇದನ್ನ ಬರೆದರು. ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸೋ ಪಟ್ಟಿ ಮೊದಲೇ ಇತ್ತು, ಆದರೆ ಅದರಲ್ಲಿ ಇದ್ದದ್ದು ಐಡಿ ಮತ್ತು ಟರ್ಮಿನಲ್ ನಂಬರ್. ಜನ ಅದರ ಮೇಲೆ ಬೆರಳಾಡಿಸಿ ತಮಗೆ ಬೇಕಾದವರನ್ನ ಹುಡುಕ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1977ರಲ್ಲಿ ಆರ್‌ಎಫ್‌ಸಿ 742 ಇದನ್ನ ನೆಟ್‌ವರ್ಕಿನ ಪ್ರೋಟೋಕಾಲ್ ಅಂತ ದಾಖಲಿಸಿತು. ದೂರದ ಕಂಪ್ಯೂಟರಿನಲ್ಲಿರೋ ಒಬ್ಬರ ಐಡಿ ಟೈಪ್ ಮಾಡಿದರೆ ಸಾಕು: ಪೂರ್ತಿ ಹೆಸರು, ಕೊನೆಗೆ ಲಾಗಿನ್ ಆದದ್ದು ಯಾವಾಗ, ಎಷ್ಟು ಹೊತ್ತಿಂದ ಕೀಬೋರ್ಡ್ ಮುಟ್ಟಿಲ್ಲ, ಕೆಲವು ಕಡೆ ಮೇಲ್ ಯಾವಾಗ ಓದಿದ್ದು ಅನ್ನೋದು ಕೂಡ. ನೀಲಿ ಟಿಕ್‌ನ ಕಾಟ ನಮ್ಮ ಕಾಲದ್ದು ಅಂದ್ಕೊಂಡಿದ್ದರೆ ಬಿಟ್ಟುಬಿಡಿ.

ಹಾಗಾಗಿ ಹಳೇ ಇಂಟರ್‌ನೆಟ್ ಮುಗ್ಧ ಆಗಿತ್ತು ಅನ್ನೋ ಹಳಹಳಿಕೆ ನನಗೆ ಒಪ್ಪಿಗೆಯಿಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಅಷ್ಟೇ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಫಿಂಗರ್ ಸರ್ವರ್ 512 ಬೈಟ್ ಜಾಗ ಇಟ್ಟುಕೊಂಡು, ಬಂದ ಪ್ರಶ್ನೆಯ ಉದ್ದವನ್ನೇ ಅಳೀತಿರಲಿಲ್ಲ. ಉದ್ದದ ಪ್ರಶ್ನೆ ಕಳಿಸಿ ವರ್ಮ್ ಒಳಗೆ ಹೋಯ್ತು. ಆಮೇಲೆ ಅಡ್ಮಿನ್‌ಗಳು ಒಬ್ಬೊಬ್ಬರಾಗಿ 79ನೇ ಪೋರ್ಟ್ ಮುಚ್ಚಿದರು. ಸರಿಯಾಗೇ ಮಾಡಿದರು.

ಆದರೂ ಎರಡು ವಿಷಯ ನನ್ನನ್ನ ಬಿಡ್ತಿಲ್ಲ. ಒಂದು, ಅಲ್ಲಿ ಕೇಳಿದರೆ ಮಾತ್ರ ಉತ್ತರ. ನಮ್ಮ ಚುಕ್ಕೆ ಯಾರೂ ಕೇಳದಿದ್ದರೂ ದಿನವಿಡೀ ನಮ್ಮ ಮೇಲೆ ಚಾಡಿ ಹೇಳ್ತಿರುತ್ತೆ. ಇನ್ನೊಂದು, ಪ್ಲಾನ್ ಅನ್ನೋ ಫೈಲ್. ತಾವು ಯಾಕೆ ಇಲ್ಲ, ಎಲ್ಲಿಗೆ ಹೋಗಿದ್ದೀವಿ ಅಂತ ಹೇಳೋಕೆ ಜಾಗ ಬೇಕು ಅಂತ ಬಳಸುವವರೇ ಕೇಳಿ ಪಡೆದದ್ದು ಅದು. ನಿಮ್ಮನ್ನ ಹುಡುಕಿದವರಿಗೆ ನೀವೇ ಬರೆದಿಟ್ಟ ಮಾತು ಕಾಣ್ತಿತ್ತು. ಕ್ವೇಕ್ ಗೇಮ್ ಬರೆದ ಜಾನ್ ಕಾರ್ಮ್ಯಾಕ್ 90ರ ದಶಕದಲ್ಲಿ ಅದನ್ನೇ ಕೆಲಸದ ಡೈರಿ ಮಾಡಿಕೊಂಡಿದ್ದರು. ಇವತ್ತು ಯಾವ ಬಗ್ ಸರಿಹೋಯ್ತು, ಯಾವುದು ಬಾಕಿ ಎಲ್ಲ ಅಲ್ಲಿ. ಜನ ಅದನ್ನ ಕಾದು ಓದ್ತಿದ್ದರು. ಯಂತ್ರ ಹೇಳೋದು ‘ಇಲ್ಲ’ ಅಂತ ಮಾತ್ರ. ‘ಯಾಕೆ’ ಅನ್ನೋದನ್ನ ಮನುಷ್ಯನೇ ಬರೀಬೇಕು.

ಚಾಟ್‌ನಲ್ಲೂ ಸ್ಟೇಟಸ್ ಬರೆಯೋಕೆ ಜಾಗ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅಲ್ಲಿ ‘ಮಗಳ ಸ್ಕೂಲಿಗೆ ಹೋಗಿದ್ದೀನಿ’ ಅಂತ ಬರೆದವರನ್ನ ನಮ್ಮ ಟೀಮಿನಲ್ಲಿ ನಾನಿನ್ನೂ ನೋಡಿಲ್ಲ. ಸ್ಕೂಲಿಗೆ ಹೋದವರೂ ಮೀಟಿಂಗ್‌ನಲ್ಲೇ ಇರ್ತಾರೆ.