ಹೊನ್ನಮ್ಮನು ಎಣಿಸಿದ ಋಣ

ಚಾಮರಾಜನಗರವೂ ಗುಂಡ್ಲುಪೇಟೆಯೂ ತಂದೆಯರಿಗೆ ಮಕ್ಕಳು ಸಲ್ಲಿಸಿದ ಋಣದ ಗುರುತನ್ನು ಇಂದಿಗೂ ಹೊತ್ತಿರುವ ಊರುಗಳು. ಅರಿಕುಠಾರವೆಂಬ ಹಳೆಯ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲಿಯೇ ಜನಿಸಿದ್ದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಅದಕ್ಕೂ ನೂರು ವರ್ಷಗಳಿಗೆ ಮೀರಿದ ಹಿಂದೆ ಚಿಕ್ಕದೇವರಾಜ ಒಡೆಯರು ತಮ್ಮ ತಂದೆ ದೊಡ್ಡದೇವರಾಜರ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ದೇವಾಲಯವನ್ನು ನಿರ್ಮಿಸಿದರು. ಈ ಎರಡು ಊರುಗಳಿಗೂ ಬಹುದೂರವಲ್ಲದ ಯಳಂದೂರಿನ ಕಡೆಯಿಂದ ಅದೇ ಚಿಕ್ಕದೇವರಾಜರ ಅರಮನೆಯನ್ನು ಸೇರಿ, ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿದು ನಿಂತಿದ್ದ ಹೆಂಗಸೊಬ್ಬಳು ತಾಯಿಯ ಋಣವನ್ನು ಸಾಂಗತ್ಯದಲ್ಲಿ ಎಣಿಸಿದಳು. ಅರಸರು ಕಟ್ಟಿಸಿದ ಗುಡಿಗಳನ್ನು ನೋಡಲು ಜನರು ಹೋಗುವರು. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಈ ಜಿಲ್ಲೆಯಲ್ಲಿಯೇ ಎಷ್ಟು ಮಂದಿ ಸಿಕ್ಕುವರೆಂಬುದು ಸಂದೇಹ.

ಓದದಿರುವುದಕ್ಕೆ ಕಾರಣವಿಲ್ಲದಿಲ್ಲ. ‘ಹದಿಬದೆ’ ಎಂಬುದು ‘ಪತಿವ್ರತೆ’ ಎಂಬುದರ ತದ್ಭವ. ಹೆಸರನ್ನು ಕೇಳಿದೊಡನೆಯೇ ಇಂದಿನ ವಿದ್ಯಾವಂತ ಗೃಹಿಣಿಗೆ ಇದೊಂದು ಉಪದೇಶದ ಕಟ್ಟೆಂದು ತೋರುವುದು. ತೆರೆದು ನೋಡಿದರೆ ಆ ಅನುಮಾನ ಬಹುಮಟ್ಟಿಗೆ ನಿಜವೂ ಆಗುವುದು. ಒಂಬತ್ತು ಸಂಧಿಗಳ ಈ ಕಾವ್ಯದಲ್ಲಿ ಸ್ಮೃತಿ ಪುರಾಣಗಳು ಹೇಳಿದ ಸತೀಧರ್ಮವೇ ತಿಳಿಗನ್ನಡದಲ್ಲಿ ಹರಿದಿದೆ. ಆದುದರಿಂದ ಪಾಠಪುಸ್ತಕಗಳನ್ನು ಜೋಡಿಸುವವರು ಹೆಣ್ಣನ್ನು ಹಳಿಯುವವರನ್ನು ಕುರಿತ ಒಂದು ಪದ್ಯವನ್ನು ಆಯ್ದುಕೊಂಡು ಉಳಿದುದನ್ನು ಬಿಟ್ಟುಬಿಡುವರು. ಆಯ್ದ ಪದ್ಯ ಚೆನ್ನಾದುದೇ. ಆದರೆ ಅದನ್ನು ಮಿಕ್ಕ ಕಾವ್ಯದಿಂದ ಕಿತ್ತು ತೋರಿಸಿದಾಗ ಅದು ಹಕ್ಕಿನ ಮಾತಾಗಿ ಕೇಳುವುದು. ಕವಯಿತ್ರಿಯ ಬಾಯಿಯಲ್ಲಿ ಅದು ಋಣದ ಮಾತು. ಈ ಭೇದವನ್ನು ಹಿಡಿಯದಿದ್ದರೆ ಹೊನ್ನಮ್ಮನ ಹಿರಿಮೆಯೂ ತಿಳಿಯದು, ಅವಳ ಕೊರತೆಯೂ ತಿಳಿಯದು.

ಉಪಕಾರವನ್ನು ನೆನೆಯುವುದಕ್ಕೆ ಸಂಸ್ಕೃತದಲ್ಲಿ ಇರುವ ಮಾತು ‘ಕೃತಜ್ಞತೆ’. ಮಾಡಿದುದನ್ನು ಬಲ್ಲವನು ಕೃತಜ್ಞ. ಇಲ್ಲಿ ವಂದನೆಯ ಮಾತೇ ಇಲ್ಲ, ಬಲ್ಲಿಕೆಯ ಮಾತು ಮಾತ್ರ ಇದೆ. ಎದುರುಮಾತಾದ ‘ಕೃತಘ್ನ’ನಾದರೋ ಮಾಡಿದುದನ್ನು ಕೊಲ್ಲುವವನು. ವಾಲ್ಮೀಕಿಯು ನಾರದನನ್ನು ಪ್ರಶ್ನಿಸುವಾಗ ಎಣಿಸುವ ಗುಣಗಳಲ್ಲಿ ಧರ್ಮಜ್ಞನ ಮಗ್ಗುಲಲ್ಲಿಯೇ ಕೃತಜ್ಞನನ್ನು ಕೂರಿಸಿರುವನು. ಕಿಷ್ಕಿಂಧೆಯಲ್ಲಿ ಲಕ್ಷ್ಮಣನು ಸುಗ್ರೀವನಿಗೆ, ಬೇರೆ ಪಾಪಗಳಿಗೆ ನಿಷ್ಕೃತಿಯುಂಟು, ಕೃತಘ್ನನಿಗೆ ಇಲ್ಲವೆಂದು ಎಚ್ಚರಿಸುವನು. ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ. ಅವೆರಡೂ ಒಂದೇ ಅಲ್ಲ. ಒಂದು ‘ಋಣ’: ಅನ್ನದ ಋಣ, ಉಪ್ಪಿನ ಋಣ, ಹಾಲಿನ ಋಣ. ಇನ್ನೊಂದು ‘ಹಂಗು’. ಋಣವನ್ನು ಪಡೆದವನು ತಾನಾಗಿ ನೆನೆಯುವನು. ಹಂಗನ್ನು ಕೊಟ್ಟವನು ನೆನಪಿಸುತ್ತಿರುವನು. ಒಬ್ಬರ ಹಂಗಿನಲ್ಲಿ ಬಾಳಬಾರದೆನ್ನುವ ಜನರೇ ಉಂಡ ಮನೆಗೆ ಎರಡು ಬಗೆಯಬಾರದೆಂದೂ ಹೇಳುವರು. ಇದರಲ್ಲಿ ವಿರೋಧವೇನೂ ಇಲ್ಲ.

ಆಸ್ಥಾನಕಾವ್ಯವನ್ನು ಈ ಎರಡು ಮಾತುಗಳ ಮೇಲೆ ಉಜ್ಜಿ ನೋಡಬೇಕು. ಚಿಕ್ಕದೇವರಾಜರ ಕಾಲ 1673ರಿಂದ 1704ರವರೆಗೆ. ಪಟ್ಟವಾಗುವುದಕ್ಕೆ ಮುಂಚೆ ಅವರನ್ನು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿಟ್ಟಿದ್ದರು. ರಾಜ್ಯ ಸಿಕ್ಕುವುದೋ ಇಲ್ಲವೋ ಎಂಬ ಆ ದಿನಗಳಲ್ಲಿ ಯಳಂದೂರಿನ ಜೈನನಾದ ವಿಶಾಲಾಕ್ಷ ಪಂಡಿತನು ಅವರ ಸಂಗಡವಿದ್ದನೆಂದು ಮೈಸೂರಿನ ಚರಿತ್ರಕಾರರು ಹೇಳುವರು. ಪಟ್ಟವೇರಿದ ಮೇಲೆ ಅರಸರು ಅವನನ್ನು ಪ್ರಧಾನಿಯಾಗಿ ಮಾಡಿಕೊಂಡರು. ಕೈದಿಯ ಬಾಗಿಲಿಗೆ ಹೋದ ಗೆಳೆತನವನ್ನು ಮರೆಯಲಿಲ್ಲವೆಂಬುದು ಅರಸರಿಗೆ ಶೋಭೆಯೇ. ಆ ಪ್ರಧಾನಿಯ ಕಾಲದ ತೆರಿಗೆಗಳ ಭಾರವನ್ನು ಹೊತ್ತ ರೈತರ ಕಣ್ಣಿಗೆ ಈ ಕೃತಜ್ಞತೆ ಹೇಗೆ ಕಂಡಿತೆಂಬುದು ಬೇರೆಯ ಮಾತು. 1686ರಲ್ಲಿ ಪಂಡಿತನು ಕೊಲೆಯಾದನು. ಅವನ ತರುವಾಯ ಪ್ರಧಾನಿಯಾದವನು ಅರಸರ ಬಾಲ್ಯದ ಗೆಳೆಯನೂ ‘ಚಿಕದೇವರಾಜ ವಿಜಯ’, ‘ಅಪ್ರತಿಮವೀರ ಚರಿತೆ’ಗಳ ಕರ್ತೃವೂ ಆದ ತಿರುಮಲಾರ್ಯ. ಅವನ ಪಾಂಡಿತ್ಯ ದೊಡ್ಡದು, ಗದ್ಯದ ಬಿಗಿ ಮೆಚ್ಚತಕ್ಕುದು. ‘ಅಪ್ರತಿಮವೀರ ಚರಿತೆ’ಯು ಅಲಂಕಾರಶಾಸ್ತ್ರದ ಗ್ರಂಥ, ಅದರ ಉದಾಹರಣೆಗಳೆಲ್ಲ ಒಡೆಯನ ಸ್ತುತಿ. ಉಪಮೆಗೂ ಅವನೇ ಬೇಕು, ರೂಪಕಕ್ಕೂ ಅವನೇ ಬೇಕು. ಅಷ್ಟು ನೆನೆದರೂ ಓದುವವನ ಮನಸ್ಸಿಗೆ ಇಂಥ ದಿನ, ಇಂಥ ಕಷ್ಟದಲ್ಲಿ, ಈ ಉಪಕಾರ ಸಂದಿತು ಎಂಬುದೊಂದೂ ನಿಲ್ಲುವುದಿಲ್ಲ. ಮಾಡಿದುದನ್ನು ಬಲ್ಲೆನೆಂದು ತೋರಿಸಬೇಕಾದ ಕಡೆಯಲ್ಲಿ ಮಾಡಿದವನ ಬಿರುದುಗಳು ನಿಂತಿವೆ. ಹಂಗಿನ ಕಾವ್ಯದ ಲಕ್ಷಣವಿದು.

ಹೊನ್ನಮ್ಮನೂ ಅದೇ ಅರಮನೆಯ ಅನ್ನವನ್ನು ಉಂಡವಳು. ಯಳಂದೂರಿನ ಮನೆತನದ ರಾಣಿ ದೇವಾಜಮ್ಮಣ್ಣಿಯವರ ಊಳಿಗ ಅವಳದು. ಅರಸ, ಅರಸಿ, ಶ್ರೀರಂಗನಾಥ ಇವರ ಸ್ತುತಿ ಅವಳಲ್ಲಿಯೂ ಉಂಟು. ಆ ಕಾಲದಲ್ಲಿ ಅದು ಗ್ರಂಥದ ಹೊಸ್ತಿಲು, ದಾಟದೆ ಒಳಗೆ ಹೋಗುವಂತಿರಲಿಲ್ಲ. ಆದರೆ ಅವಳು ಹೊತ್ತ ಋಣಕ್ಕೆ ವಿವರವಿದೆ. ತನ್ನನ್ನು ಬರೆಯಹಚ್ಚಿದವರು ಯಾರು, ಅಕ್ಷರವನ್ನೂ ಸಾಹಿತ್ಯವನ್ನೂ ಕೊಟ್ಟವರು ಯಾರು ಎಂಬುದನ್ನು ಅವಳು ಬಲ್ಲಳು. ಗುರುವಾದ ಸಿಂಗರಾರ್ಯನು ತಿರುಮಲಾರ್ಯನ ತಮ್ಮ. ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ‘ಮಿತ್ರವಿಂದಾ ಗೋವಿಂದ’ವೆಂಬ ನಾಟಕವನ್ನು ಕನ್ನಡಿಸಿದವನು. ಅರಮನೆಯ ವಿದ್ವಾಂಸನಾದವನು ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಿಗೆ ಪಾಠ ಹೇಳಬೇಕೆಂಬ ಕಟ್ಟುಪಾಡು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಅವನು ಹೇಳಿದನು, ಅಷ್ಟೇ ಅಲ್ಲ, ಅವಳ ಕವಿತೆಯನ್ನು ಮೆಚ್ಚಿ ಸಾಹಿತ್ಯದ ದೇವತೆಯೆಂದು ಕರೆದನು. ತನ್ನವರಲ್ಲದವರಿಂದ ಬಂದ ಇಂಥ ಕೊಡುಗೆಗೆ ವಾಪಸು ಕೊಡುವುದು ಸಾಧ್ಯವಿಲ್ಲ. ಗುರುವಿಗೆ ವಿದ್ಯೆಯನ್ನು ಹಿಂದಿರುಗಿಸಲಾಗದು. ಋಷಿಗಳ ಋಣವು ಅಧ್ಯಯನದಿಂದ ತೀರುವುದೆಂದು ವೇದವು ಹೇಳುವುದರ ಅರ್ಥವೂ ಇದೇ, ಪಡೆದುದನ್ನು ಮುಂದಿನವರಿಗೆ ದಾಟಿಸಬೇಕೆಂಬುದು. ಹೊನ್ನಮ್ಮನು ದಾಟಿಸಿದಳು. ಚಂಪುವಿನ ಬಿಗಿಯನ್ನು ಬಿಟ್ಟು, ಹೆಂಗಸರು ಕುಟ್ಟುತ್ತ ಬೀಸುತ್ತ ಹಾಡಬಹುದಾದ ಸಾಂಗತ್ಯವನ್ನು ಹಿಡಿದುದು ಯಾರಿಗೆ ದಾಟಿಸಬೇಕೆಂಬ ಅರಿವಿನಿಂದಲೇ ಇರಬೇಕು.

ಈಗ ಆ ಪ್ರಸಿದ್ಧ ಪದ್ಯ. ಹೆಣ್ಣೆಂದು ಹಳಿಯುವವರನ್ನು ಅವಳು ಕೇಳುವ ಪ್ರಶ್ನೆಯ ಸಾರವಿಷ್ಟೆ: ಎಲ್ಲರನ್ನೂ ಹೆತ್ತವಳು ಹೆಣ್ಣಲ್ಲವೆ, ಸಾಕಿ ಸಲಹಿದವಳು ಹೆಣ್ಣಲ್ಲವೆ, ಹಾಗಿರಲು ಹಳಿಯುವವರಿಗೆ ಕಣ್ಣಿಲ್ಲವೆ? ಹೆಣ್ಣು ಗಂಡಿಗೆ ಸಮಾನಳೆಂದು ಅವಳು ಇಲ್ಲಿ ವಾದಿಸುತ್ತಿಲ್ಲ. ಸಮಾನತೆಯನ್ನು ಇನ್ನೊಂದೆಡೆ, ಮಗನಾದರೆ ಬಂದ ಲಾಭವೇನು, ಮಗಳಾದರೆ ಆದ ಕೊರತೆಯೇನು ಎಂದು ಕೇಳುವ ಪದ್ಯದಲ್ಲಿ ಹೇಳಿರುವಳು. ಇಲ್ಲಿ ಅವಳು ಸಾಲಪತ್ರವನ್ನು ಬಿಚ್ಚಿ ಓದುತ್ತಿರುವಳು. ಹೆತ್ತುದೊಂದು, ಸಾಕಿದುದೊಂದು, ಪಡೆದವರು ಎಲ್ಲರೂ. ‘ಕಣ್ಣಿಲ್ಲವೆ’ ಎಂಬ ಪ್ರಶ್ನೆಯ ಮೊನೆಯೂ ಇಲ್ಲಿಯೇ ಇದೆ. ಕೃತಜ್ಞನೆಂದರೆ ಬಲ್ಲವನು, ಬಲ್ಲದವನು ಕುರುಡನಲ್ಲದೆ ಮತ್ತೇನು? ಸಿಟ್ಟಿನ ಮಾತಿನಂತೆ ಕಾಣುವ ಇದರ ಹಿಂದೆ ಶಾಸ್ತ್ರದ ಲೆಕ್ಕವಿದೆ. ಮನುಷ್ಯನು ಹುಟ್ಟುವಾಗಲೇ ದೇವ, ಋಷಿ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುವನೆಂದು ಓದಿದವರ ಎದುರಿಗೆ, ಆ ಪಟ್ಟಿಯಲ್ಲಿ ಬೇರೆಯಾಗಿ ಎಣಿಸದ ತಾಯಿಯನ್ನು ಊಳಿಗದವಳೊಬ್ಬಳು ಎತ್ತಿ ನಿಲ್ಲಿಸಿದಳು. ಅರಿಕುಠಾರ ಗುಂಡ್ಲುಪೇಟೆಗಳ ಗುಡಿಗಳು ಪಿತೃಋಣದ ಗುಡಿಗಳೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು.

ಕೊರತೆಯೂ ಇಲ್ಲಿಂದಲೇ ಮೊದಲಾಗುತ್ತದೆ. ತಾಯಿಯಾದವಳಿಗೆ ಇಷ್ಟು ಋಣವನ್ನು ಬರೆದವಳು ಹೆಂಡತಿಯಾದವಳಿಗೆ ಏನನ್ನೂ ಬರೆಯಲಿಲ್ಲ. ಅವಳ ಹದಿಬದೆಯು ಗಂಡನಿಗೆ, ಅತ್ತೆಮಾವಂದಿರಿಗೆ, ಮನೆಗೆ ಕೊಡುತ್ತಲೇ ಇರುವಳು. ಕೊಟ್ಟುದನ್ನು ಬಲ್ಲವರು ಆ ಮನೆಯಲ್ಲಿ ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಧರ್ಮವೆಂದಮೇಲೆ ಪ್ರತಿಫಲವೇಕೆಂದು ಹಳಬರು ಹೇಳಬಹುದು. ಕೊಡುವವಳು ಪ್ರತಿಫಲವನ್ನು ಬಯಸದಿರುವುದು ಅವಳ ಹಿರಿಮೆಯೆಂಬುದನ್ನು ಒಪ್ಪೋಣ. ಪಡೆದವನು ಬಲ್ಲದಿರುವುದು ಅವನ ಹಿರಿಮೆಯಾಗಲಾರದಷ್ಟೆ. ತಾಯಿಯ ವಿಷಯದಲ್ಲಿ ಕಣ್ಣಿಲ್ಲವೆ ಎಂದು ಕೇಳಿದ ಬಾಯಿ ಹೆಂಡತಿಯ ವಿಷಯದಲ್ಲಿ ಮುಚ್ಚಿಕೊಂಡಿತು. ಗ್ರಂಥವನ್ನು ಬರೆಯಿಸಿದ ಅರಮನೆಯ ಬಯಕೆಯೇ ಇದಕ್ಕೆ ಕಾರಣವೆಂದು ಕ್ಷಮಿಸಬಹುದು. ಕ್ಷಮಿಸಿದರೂ ಇದು ಕಾವ್ಯದ ಕೊರತೆಯೇ.

ಈ ಕೊರತೆಯನ್ನು ತುಂಬುವ ಇನ್ನೊಂದು ಕಾವ್ಯ ಇದೇ ಸೀಮೆಯಲ್ಲಿ ಇದೆ. ಅದನ್ನು ಕಟ್ಟಿದವರಿಗೆ ಆಸ್ಥಾನವಿಲ್ಲ, ಹೆಸರೂ ಇಲ್ಲ. ಕಂಸಾಳೆಯನ್ನು ಹಿಡಿದು ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರನ ಕಾವ್ಯವದು. ಡಾ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಇದನ್ನು ಅಚ್ಚಿಗೆ ತಂದುದರಿಂದ ಓದುವವರ ಮನೆಗಳಿಗೂ ಇದು ತಲಪಿತು. ಹೊನ್ನಮ್ಮನ ಕಾವ್ಯವು ಮನೆಯ ಒಳಗಿನದು, ಇದು ಬಾಗಿಲಿನದು. ಮಾದಪ್ಪನೇ ಉತ್ತರದೇಶದಿಂದ ಈ ಕಾಡಿಗೆ ಬಂದ ಪರಸ್ಥಳದವನು. ಜಂಗಮನಾಗಿ ಮನೆಮನೆಯ ಮುಂದೆ ನಿಲ್ಲುವನು. ಅವನು ಯಾರೆಂದು ಬಾಗಿಲು ತೆರೆದವರಿಗೆ ತಿಳಿಯದು. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ. ಒಂದೇ ಊರಿನಲ್ಲಿ ವಾಸಿಸುವವನನ್ನು ಅತಿಥಿಯೆಂದು ಎಣಿಸಬಾರದೆಂದು ಮನುವೂ ಹೇಳಿರುವನು. ಗುರುತಿಲ್ಲದವನಿಗೆ ಕೊಡುವುದೇ ಕೊಡುವುದೆಂಬ ಈ ವಿಧಿಗೆ ಮಾದಪ್ಪನ ಕಥೆಗಿಂತ ದೊಡ್ಡ ಭಾಷ್ಯ ಬೇಡ. ಸಿರಿಯುಳ್ಳ ಬೇವಿನಹಟ್ಟಿಯ ಕಾಳಮ್ಮನು ಭಿಕ್ಷೆಯನ್ನು ನಿರಾಕರಿಸಿ ಕೆಟ್ಟಳು. ಕಾಡಿನ ಗುಡಿಸಲಿನ ಸಂಕಮ್ಮನ ಕಥೆಯಾದರೋ ಬೇರೆಯ ದಾರಿಯನ್ನು ಹಿಡಿಯುವುದು.

ಸಂಕಮ್ಮನ ಗಂಡ ಸೋಲಿಗರ ನೀಲೇಗೌಡನು ಜೇನು ಕೀಳಲು ದೂರದ ಮಲೆಗೆ ಹೊರಡುವಾಗ, ತಾನಿಲ್ಲದಾಗ ಶೀಲದಿಂದ ಇರುವೆನೆಂದು ಕೈಮುಟ್ಟಿ ಭಾಷೆ ಕೊಡೆನ್ನುವನು. ಅವಳು ಕೊಡಲೊಲ್ಲಳು. ನಡತೆಗೆಟ್ಟವಳಿಂದ ಕೇಳಬೇಕಾದ ಭಾಷೆಯನ್ನು ತನ್ನಿಂದ ಕೇಳಿದನೆಂಬುದೇ ಅವಳ ನೋವು. ಅವನು ಹಿಂಸಿಸಿ, ಕಾಡಿನ ಗುಡಿಸಲಿನಲ್ಲಿ ಕೂಡಿಹಾಕಿ ಹೋಗುವನು. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುವುವು. ಕಥೆಯ ನಡು ಬದಲಾಗದು. ಹದಿಬದೆಯ ಧರ್ಮವನ್ನು ಇವಳಿಗಿಂತ ಬಿಗಿಯಾಗಿ ನಡೆಸಿದವರಿಲ್ಲ. ಆ ಧರ್ಮವನ್ನು ಸಂದೇಹಿಸುವ ಗಂಡನ ಮುಂದೆ ಅದನ್ನು ಒತ್ತೆಯಿಡಲು ಮಾತ್ರ ಅವಳು ಒಪ್ಪಲಿಲ್ಲ. ಹೊನ್ನಮ್ಮನು ಕೇಳದೆ ಬಿಟ್ಟ ಪ್ರಶ್ನೆಯನ್ನು ಸಂಕಮ್ಮನು ಭಾಷೆ ಕೊಡದಿರುವುದರಿಂದಲೇ ಕೇಳಿದಳು. ಅವಳು ಮಾಡಿದುದನ್ನು ಬಲ್ಲವನು ಮನೆಯವನಲ್ಲ, ದಾರಿಹೋಕನಾದ ಜಂಗಮ. ಅವನ ವರದಿಂದ ಕಾರಯ್ಯ ಬಿಲ್ಲಯ್ಯರೆಂಬ ಅವಳಿ ಮಕ್ಕಳು ಹುಟ್ಟುವರು. ಆ ಮಕ್ಕಳು ಮುಂದೆ ಮಾದಪ್ಪನ ಒಕ್ಕಲಾಗುವರು. ಕೊಟ್ಟ ದೇವರು ಕೇಳಲು ಬರುವುದನ್ನು ಹಾಡುವವರು ಮುಚ್ಚಿಡುವುದಿಲ್ಲ. ಇಲ್ಲಿಯ ಕೃತಜ್ಞತೆಯು ಮೆತ್ತಗಿನ ಭಾವವಲ್ಲ, ಹೊಟ್ಟೆಯಲ್ಲಿ ಹುಟ್ಟಿದುದನ್ನು ಒಪ್ಪಿಸುವ ಕಠಿನವಾದ ಲೆಕ್ಕ. ನಯವಾದ ಪದಬಂಧವನ್ನು ಹುಡುಕುವವರಿಗೆ ಈ ಕಾವ್ಯ ಒರಟೆಂದು ತೋರಬಹುದು. ಒಂದೇ ಮಾತು ಮೂರು ನಾಲ್ಕು ಸಲ ಮರಳುವುದು ಓದುವ ಕಣ್ಣಿಗೆ ಬೇಸರ. ಅದು ಕಿವಿಗಾಗಿ ಹುಟ್ಟಿದುದು, ರಾತ್ರಿಯೆಲ್ಲ ಕೂತು ಕೇಳುವವರಿಗಾಗಿ.

ಗುಡ್ಡರು ಇಂದಿಗೂ ಜೋಳಿಗೆಯನ್ನು ಹೆಗಲಿಗೆ ಹಾಕಿ ಭಿಕ್ಷೆಯನ್ನು ಬೇಡುವ ದೀಕ್ಷೆಯವರು. ಗುರುತಿಲ್ಲದ ಜಂಗಮನಿಗೆ ನೀಡಿದವರ ಕಥೆಯನ್ನು, ಗುರುತಿಲ್ಲದ ಬಾಗಿಲುಗಳಲ್ಲಿ ನಿಂತು ಬೇಡುವವರು ಹಾಡುವುದರಿಂದ ಆ ಕಥೆಗೆ ಬರುವ ಸತ್ಯವು ಅಚ್ಚಿನ ಪುಟದಲ್ಲಿ ಬಾರದು. ಮೊರದಲ್ಲಿ ರಾಗಿಯನ್ನು ತಂದು ಜೋಳಿಗೆಗೆ ಸುರಿಯುವವಳು ಬಹುಮಟ್ಟಿಗೆ ಮನೆಯ ಹೆಣ್ಣೇ.

ಹೊನ್ನಮ್ಮನನ್ನೂ ಸಂಕಮ್ಮನ ಸಾಲನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಓದುವ ಅಭ್ಯಾಸ ಈವರೆಗೆ ಹೆಚ್ಚಾಗಿ ಕಾಣದು. ಒಂದನ್ನು ಹಳಗನ್ನಡ ನಡುಗನ್ನಡಗಳ ಪಂಡಿತರು, ಇನ್ನೊಂದನ್ನು ಜಾನಪದದವರು ಹಂಚಿಕೊಂಡುಬಿಟ್ಟಿರುವರು. ಯಳಂದೂರೂ ಮಾದಪ್ಪನ ಬೆಟ್ಟವೂ ಒಂದೇ ಜಿಲ್ಲೆಗೆ ಸೇರಿವೆ. ‘ಹದಿಬದೆಯ ಧರ್ಮ’ದ ಒಂಬತ್ತು ಸಂಧಿಗಳನ್ನೂ ಕಠಿನಪದಗಳ ಅರ್ಥದೊಡನೆ, ಮನೆಗಳಲ್ಲಿ ಕೊಂಡು ಓದಬಹುದಾದ ಬೆಲೆಗೆ, ಈ ಜಿಲ್ಲೆಯ ಸಾಹಿತ್ಯಾಭಿಮಾನಿಗಳೇ ಅಚ್ಚು ಮಾಡಿಸಿದರೆ ಆ ಒಂದು ಪದ್ಯದ ಆಚೆಗೆ ಓದುಗರು ಹೋಗಿಯಾರು. ಕೊನೆಯಲ್ಲಿ ಸಂಕಮ್ಮನ ಸಾಲಿನಿಂದ ಹತ್ತಿಪ್ಪತ್ತು ಪುಟಗಳನ್ನು ಅನುಬಂಧವಾಗಿ ಸೇರಿಸುವುದಕ್ಕೆ ಪಂಡಿತರು ಆಕ್ಷೇಪಿಸಬಹುದು, ಆಕ್ಷೇಪಿಸಿದರೂ ಸೇರಿಸತಕ್ಕುದು.